ಮರಳುಗಾಡಿನ ಐಷಾರಾಮಿ ಡೇರೆಗೆ ಅತ್ತೆ ಮಾವನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ದಾವಣಗೆರೆಯವರು. ಡಿಸೆಂಬರ್ ಕೊನೆಯ ವಾರ ಜೈಸಲ್ಮೇರ್‌ಗೆ ಹೋಗೋಣ ಅಂತಿದ್ದೇವೆ. ನಾನು, ಗಂಡ, ಆರು ವರ್ಷದ ಮಗಳು, ಅತ್ತೆ ಮತ್ತು ಮಾವ. ಅತ್ತೆಗೆ 68 ವರ್ಷ, ಮೊಣಕಾಲಿನ ಆಪರೇಷನ್ ಆಗಿದೆ, ಚಳಿಗೆ ಉಬ್ಬಸ ಬರುತ್ತದೆ. ಮಾವನಿಗೆ 73, ಶುಗರ್ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಸಮ್ ಮರಳ ದಿಬ್ಬಗಳ ಹತ್ತಿರ ಒಂದು ಲಕ್ಷುರಿ ಕ್ಯಾಂಪ್ ನೋಡಿಟ್ಟಿದ್ದೇವೆ. ಒಂದು ಡೇರೆಗೆ ರಾತ್ರಿಗೆ 14,000 ರೂಪಾಯಿ. ಎರಡು ಡೇರೆ, ಎರಡು ರಾತ್ರಿ. ಫೋಟೋದಲ್ಲಿ ಅರಮನೆ ಥರ ಇದೆ. ಆದರೆ ಆಫೀಸಿನಲ್ಲಿ ಒಬ್ಬರು "ಅದೆಲ್ಲ ಮೋಸ, ರಾತ್ರಿಯಿಡೀ ಡಿಜೆ ಹಾಕ್ತಾರೆ" ಅಂತಾರೆ. ನಾದಿನಿ "ಚೇಳು, ಹಾವು ಒಳಗೆ ಬರ್ತವೆ, ಮಲಗಿದವರ ಉಸಿರು ಕುಡಿಯುವ ಹಾವೂ ಅಲ್ಲಿದೆಯಂತೆ" ಅಂತ ಹೆದರಿಸಿದ್ದಾಳೆ. ಮಾವನಂತೂ "ಇರೋ ಮನೆ ಬಿಟ್ಟು ದುಡ್ಡು ಕೊಟ್ಟು ಡೇರೆಯಲ್ಲಿ ಮಲಗೋದಾ?" ಅಂತ ನಗುತ್ತಾರೆ. ಮುಂಗಡ ಇನ್ನೂ ಕೊಟ್ಟಿಲ್ಲ. ಏನು ಮಾಡೋಣ?

ಉತ್ತರ: ಮುಂಗಡ ಕೊಡುವ ಮೊದಲೇ ಕೇಳಿದಿರಲ್ಲ, ಅರ್ಧ ಕೆಲಸ ಆಯಿತು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ದುಡ್ಡು ಕಟ್ಟಿದ ಮೇಲೆಯೇ ಫೋನ್ ಮಾಡುತ್ತಾರೆ.

ನಿಮ್ಮ ಪತ್ರದಲ್ಲಿ ಮೂರು ಭಯ ಕಾಣುತ್ತವೆ. ಮೋಸ ಹೋಗುತ್ತೇವಾ, ಹಾವು ಚೇಳು ಕಚ್ಚುತ್ತವಾ, ಹಿರಿಯರಿಗೆ ತೊಂದರೆ ಆಗುತ್ತದಾ ಅಂತ. ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಮೂರನೆಯದಕ್ಕೆ. ಅದರಲ್ಲೂ ನೀವು ಎಲ್ಲೂ ಬರೆಯದ ಒಂದು ವಿಷಯಕ್ಕೆ: ರಾತ್ರಿ ಡೇರೆಯೊಳಗೆ ಬೆಚ್ಚಗೆ ಇರುವುದು ಹೇಗೆ? ರಾಜಸ್ಥಾನಕ್ಕೆ ಕುಟುಂಬಗಳನ್ನು ಕಳಿಸುವುದೇ ನನ್ನ ಕೆಲಸ. ವಾಪಸ್ ಬಂದವರ ದೂರುಗಳಲ್ಲಿ ಹಾವಿನ ಮಾತೇ ಇರುವುದಿಲ್ಲ. ಚಳಿ, ಗದ್ದಲ, ಬಿಸಿನೀರು, ಈ ಮೂರೇ.

ಮೊದಲು ಚಳಿ. ಮರುಭೂಮಿ ಅಂದರೆ ಸೆಕೆ ಅಂತ ನಮ್ಮ ಕಡೆಯವರ ತಲೆಯಲ್ಲಿ ಕೂತುಬಿಟ್ಟಿದೆ. ಡಿಸೆಂಬರ್ ಕೊನೆಯಲ್ಲಿ ಜೈಸಲ್ಮೇರ್‌ನ ಮಧ್ಯಾಹ್ನ 23–24 ಡಿಗ್ರಿ ಇರುತ್ತದೆ. ಅರ್ಧ ತೋಳಿನ ಅಂಗಿ ಸಾಕು. ಅದೇ ದಿನ ಬೆಳಗಿನ ಜಾವ 7–8ಕ್ಕೆ ಇಳಿಯುತ್ತದೆ. ಶೀತಗಾಳಿ ಬೀಸಿದ ದಿನ ಇನ್ನೂ ಕೆಳಗೆ, ಕೆಲವೊಮ್ಮೆ ಸೊನ್ನೆಯ ಹತ್ತಿರಕ್ಕೇ ಹೋಗುತ್ತದೆ. ಕಾರಣ ಸರಳ. ಒಣ ಮರಳು ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ನಮ್ಮಲ್ಲಿ ಗಾಳಿಯಲ್ಲಿರುವ ತೇವ, ಆಕಾಶದ ಮೋಡ ಎರಡೂ ನೆಲದ ಕಾವನ್ನು ರಾತ್ರಿ ಸ್ವಲ್ಪ ಹಿಡಿದಿಡುತ್ತವೆ. ಅಲ್ಲಿ ಎರಡೂ ಕಡಿಮೆ, ಕಾವು ನೇರ ಆಕಾಶಕ್ಕೆ ಹೋಗುತ್ತದೆ. ತಣ್ಣನೆಯ ಗಾಳಿ ಭಾರ, ಅದು ದಿಬ್ಬಗಳ ನಡುವಿನ ತಗ್ಗಿನಲ್ಲಿ ನಿಲ್ಲುತ್ತದೆ. ಡೇರೆಗಳನ್ನು ಹಾಕುವುದೂ ಅಂಥ ಸಮತಟ್ಟಾದ ತಗ್ಗಿನಲ್ಲೇ.

ಇನ್ನೊಂದು ಮಾತು. ಜೈಸಲ್ಮೇರ್ ನಮ್ಮ ದೇಶದ ಪಶ್ಚಿಮದ ತುದಿಯಲ್ಲಿದೆ. ಗಡಿಯಾರ ಮಾತ್ರ ಎಲ್ಲರಿಗೂ ಒಂದೇ. ಹಾಗಾಗಿ ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಸುಮಾರು ಏಳೂವರೆ. ದಾವಣಗೆರೆಯ ಅಭ್ಯಾಸದಂತೆ ಮಾವ ಐದೂವರೆಗೆ ಎದ್ದರೆ ಇನ್ನೂ ಎರಡು ಗಂಟೆ ಕತ್ತಲು, ಅದೂ ಇಡೀ ದಿನದಲ್ಲೇ ಅತಿ ಹೆಚ್ಚು ಚಳಿಯ ಹೊತ್ತು.

ಈಗ ಡೇರೆಗೆ ಬರೋಣ. ಸಮ್‌ನಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಸ್ವಿಸ್ ಟೆಂಟ್ ಅನ್ನುವ ಮಾದರಿ. ಸಿಮೆಂಟ್ ಕಟ್ಟೆ, ಅದರ ಮೇಲೆ ಕಬ್ಬಿಣದ ಚೌಕಟ್ಟು, ಎರಡು ಪದರ ದಪ್ಪ ಕ್ಯಾನ್ವಾಸ್. ಒಳಗೆ ಹೂವಿನ ಅಚ್ಚಿನ ಬಟ್ಟೆ, ನೆಲಕ್ಕೆ ಜಮಖಾನ, ದೊಡ್ಡ ಮಂಚ. ಹಿಂದುಗಡೆ ಒಂದು ಜಿಪ್ ಬಿಚ್ಚಿದರೆ, ಅಥವಾ ಒಂದು ಬಾಗಿಲು ತೆಗೆದರೆ, ಬಚ್ಚಲುಮನೆ. ಫೋಟೋದಲ್ಲಿ ಕಾಣುವ ತೂಗುದೀಪ, ಕೆತ್ತನೆಯ ಕುರ್ಚಿ ಎಲ್ಲ ಸುಳ್ಳಲ್ಲ, ಇರುತ್ತವೆ. ಆದರೆ ಗೋಡೆ ಮಾತ್ರ ಬಟ್ಟೆಯದ್ದೇ. ಎಷ್ಟೇ ದುಡ್ಡು ಕೊಟ್ಟರೂ ಬಟ್ಟೆ ಇಟ್ಟಿಗೆಯಾಗುವುದಿಲ್ಲ. ಹೀಟರ್ ಆರಿಸಿದ ಸ್ವಲ್ಪ ಹೊತ್ತಿಗೇ ಒಳಗಿನ ಕಾವು ಹೋಗುತ್ತದೆ.

ಡೀಲಕ್ಸ್, ಲಕ್ಷುರಿ, ರಾಯಲ್ ಅಂತ ಹಾಕಿಕೊಳ್ಳುತ್ತಾರಲ್ಲ, ಅದನ್ನು ಅಲ್ಲಿ ಯಾರೂ ಅಳೆದು ಕೊಟ್ಟಿರುವುದಿಲ್ಲ. ಮಾಲೀಕರು ತಾವೇ ಇಟ್ಟುಕೊಂಡ ಹೆಸರು. ಆದ್ದರಿಂದ ಹೆಸರಿಗೆ ದುಡ್ಡು ಕೊಡಬೇಡಿ. ಹೀಟರ್, ಬಿಸಿನೀರು, ರಾತ್ರಿಯ ಕರೆಂಟು, ಜಾಗ, ಈ ನಾಲ್ಕಕ್ಕೆ ಕೊಡಿ.

ಹೀಟರ್ ವಿಷಯದಲ್ಲಿ "ಇದೆಯಾ?" ಅಂತ ಕೇಳಬೇಡಿ. ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. "ರಾತ್ರಿ ಎರಡು ಗಂಟೆಗೆ ಎಲ್ಲ ಡೇರೆಯವರೂ ಹೀಟರ್ ಹಾಕಿಕೊಂಡರೆ ಕರೆಂಟು ತಡೆಯುತ್ತದಾ?" ಅಂತ ಕೇಳಿ. ಒಂದೊಂದು ಹೀಟರ್ 1,500–2,000 ವ್ಯಾಟ್ ಎಳೆಯುತ್ತದೆ. ಮೂವತ್ತು ಡೇರೆ ಒಟ್ಟಿಗೆ ಹಾಕಿದರೆ ಲೆಕ್ಕ ಹಾಕಿ ನೋಡಿ. ಲೈನ್ ಟ್ರಿಪ್ ಆಗುತ್ತದೆ, ಜನರೇಟರ್ ಏದುಸಿರು ಬಿಡುತ್ತದೆ. ಕೆಲವು ಕಡೆ ಮಧ್ಯರಾತ್ರಿ ದಾಟಿದ ಮೇಲೆ ಜನರೇಟರ್ ನಿಲ್ಲಿಸಿಯೇ ಬಿಡುತ್ತಾರೆ. ಎಸಿಯನ್ನೇ ಬಿಸಿಗಾಳಿಗೂ ಬಳಸುವ ಕ್ಯಾಂಪ್ ಆದರೆ ಒಳ್ಳೆಯದು. ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್ ಆದರೂ ಆಗಬಹುದು. ಕೆಂಪಗೆ ಉರಿಯುವ ಹ್ಯಾಲೊಜನ್ ಹೀಟರ್ ಕೊಟ್ಟರೆ ಪರದೆ, ಹೊದಿಕೆಗಳಿಂದ ದೂರ ಇಡಿ, ಮಲಗುವ ಮುಂಚೆ ಆರಿಸಿ. ಸುತ್ತ ಇರುವುದೆಲ್ಲ ಬಟ್ಟೆ, ಮರೆಯಬೇಡಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಚಳಿ ಅಂತ ನೀವು ಗೊಣಗಿದರೆ ಕ್ಯಾಂಪಿನ ಹುಡುಗ ಪಾಪ ಒಳ್ಳೆಯ ಮನಸ್ಸಿನಿಂದಲೇ ಒಂದು ಅಂಗೀಠಿ, ಅಂದರೆ ಇದ್ದಿಲಿನ ಅಗ್ಗಿಷ್ಟಿಕೆ, ತಂದು ಒಳಗೆ ಇಡಬಹುದು. ಬೇಡ ಅನ್ನಿ. ಇಟ್ಟುಹೋದರೂ ಹೊರಗೆ ಇಡಿಸಿ. ಮುಚ್ಚಿದ ಡೇರೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಹೊಗೆ ಕಾಣಬೇಕೆಂದೂ ಇಲ್ಲ. ಮೊದಲು ತಲೆನೋವು, ಆಮೇಲೆ ಮಂಪರು, ಆಮೇಲೆ ಎಚ್ಚರವೇ ಆಗುವುದಿಲ್ಲ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲವೂ ಇಂಥ ಸಾವಿನ ಸುದ್ದಿ ಬರುತ್ತದೆ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೂ ಇದೇ ಅಪಾಯ. ಗಾಳಿ ಆಡುವ ಕಿಂಡಿ ಇದೆಯಾ ನೋಡಿ, ಇಲ್ಲದಿದ್ದರೆ ಬಕೆಟ್ ನೀರು ತರಿಸಿಕೊಳ್ಳಿ. ನಿಮ್ಮ ನಾದಿನಿ ಹೇಳಿದ ಎಲ್ಲ ಹಾವು ಚೇಳುಗಳಿಗಿಂತ ನನಗೆ ಹೆಚ್ಚು ಭಯ ಇರುವುದು ಈ ಅಂಗೀಠಿಯದ್ದೇ.

ಹಾವಿನ ವಿಷಯಕ್ಕೂ ಬರೋಣ, ಅದು ಸ್ವಾರಸ್ಯವಾಗಿದೆ. ನಾದಿನಿ ಕೇಳಿದ್ದು ಪೀವಣಾ ಅನ್ನುವ ಹಾವಿನ ಕಥೆ. ಥಾರ್ ಸೀಮೆಯ ಹಳ್ಳಿಗಳಲ್ಲಿ ಅದನ್ನು ಇವತ್ತಿಗೂ ನಂಬುತ್ತಾರೆ. ಮಲಗಿದವರ ಎದೆಯ ಮೇಲೆ ಕೂತು ಉಸಿರು ಕುಡಿದು ಹೋಗುತ್ತದೆ, ಬೆಳಿಗ್ಗೆ ನೋಡಿದರೆ ಮನುಷ್ಯ ಸತ್ತಿರುತ್ತಾನೆ, ಮೈಮೇಲೆ ಗಾಯವೇ ಇರುವುದಿಲ್ಲ ಅನ್ನುವುದು ಕಥೆ. ಉಸಿರು ಕುಡಿಯುವ ಹಾವು ಯಾವುದೂ ಇಲ್ಲ. ಆದರೆ ಕಥೆ ಸುಮ್ನೆ ಹುಟ್ಟಿದ್ದೂ ಅಲ್ಲ. ಅಲ್ಲಿ ಕಟ್ಟುಹಾವಿನ ಜಾತಿಯ ಹಾವುಗಳಿವೆ. ಅವು ರಾತ್ರಿ ಓಡಾಡುತ್ತವೆ. ನೆಲದ ಮೇಲೆ ಮಲಗಿದವರಿಗೆ ಕಚ್ಚಿದರೆ ಹೆಚ್ಚು ನೋವಾಗುವುದಿಲ್ಲ, ಊತ ಬರುವುದಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ. ವಿಷ ನರಗಳ ಮೇಲೆ ಕೆಲಸ ಮಾಡಿ ಉಸಿರಾಟವನ್ನೇ ನಿಲ್ಲಿಸುತ್ತದೆ. ನೋಡಿದವರಿಗೆ ಉಸಿರು ಕುಡಿದಂತೆಯೇ ಅನ್ನಿಸಿರಬೇಕು.

ಈಗ ನಿಮ್ಮ ಪ್ರವಾಸಕ್ಕೆ ಇದರಿಂದ ಎಷ್ಟು ಅಪಾಯ? ಡಿಸೆಂಬರ್‌ನಲ್ಲಿ ತೀರಾ ಕಡಿಮೆ. ಹಾವು ಚೇಳುಗಳಿಗೆ ಮೈ ಬಿಸಿ ಮಾಡಿಕೊಳ್ಳಲು ಹೊರಗಿನ ಕಾವು ಬೇಕು. ಏಳು ಡಿಗ್ರಿ ಚಳಿಯಲ್ಲಿ ಅವು ಬಿಲ ಬಿಟ್ಟು ಬರುವುದು ಅಪರೂಪ. ಅವುಗಳ ಓಡಾಟ ಜಾಸ್ತಿ ಇರುವುದು ಬೇಸಿಗೆ ಮತ್ತು ಮಳೆಗಾಲದಲ್ಲಿ, ಆಗ ಹೆಚ್ಚಿನ ಕ್ಯಾಂಪ್‌ಗಳು ಮುಚ್ಚಿರುತ್ತವೆ ಅಥವಾ ಖಾಲಿ ಇರುತ್ತವೆ. ಆದರೂ ಮಂಚದ ಮೇಲೇ ಮಲಗಿ. ಹೊದಿಕೆ ನೆಲಕ್ಕೆ ಇಳಿಬೀಳದಂತೆ ಮಡಚಿ. ಬಾಗಿಲಿನ ಜಿಪ್ ಕೆಳಗಿನವರೆಗೆ ಎಳೆಯಿರಿ. ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ, ಮಗಳದ್ದನ್ನು ನೀವೇ ಕೊಡವಿ. ಕೆಂಪು ಚೇಳು ಕುಟುಕಿದರೆ ದೊಡ್ಡವರಿಗಿಂತ ಮಕ್ಕಳಿಗೆ ಅಪಾಯ ಹೆಚ್ಚು, ಅದಕ್ಕೇ ಹೇಳಿದೆ. ಅಕಸ್ಮಾತ್ ಏನಾದರೂ ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ನೇರ ಜೈಸಲ್ಮೇರ್‌ನ ಜಿಲ್ಲಾ ಆಸ್ಪತ್ರೆಗೆ ಹೋಗಿ.

ಆಸ್ಪತ್ರೆ ಅಂದಾಗ ದೂರದ ಲೆಕ್ಕ ಹೇಳಿಬಿಡುತ್ತೇನೆ. ಸಮ್‌ನಿಂದ ಜೈಸಲ್ಮೇರ್ ಊರಿಗೆ ಸುಮಾರು 40 ಕಿಲೋಮೀಟರ್. ರಸ್ತೆ ಚೆನ್ನಾಗಿದೆ, ರಾತ್ರಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ದೊಡ್ಡ ಚಿಕಿತ್ಸೆಗೆ ಜೋಧಪುರಕ್ಕೇ ಹೋಗಬೇಕು, ಅಲ್ಲಿ ಏಮ್ಸ್ ಇದೆ. ಅದು ಜೈಸಲ್ಮೇರ್‌ನಿಂದ ಸುಮಾರು 280 ಕಿಲೋಮೀಟರ್, ಐದು ಗಂಟೆಯ ದಾರಿ. ಹೆದರಿಸಲು ಹೇಳುತ್ತಿಲ್ಲ. ಉಬ್ಬಸ ಇರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಜೊತೆಯಲ್ಲಿದ್ದಾಗ ಈ ಎರಡು ಅಂಕಿ ಮನಸ್ಸಿನಲ್ಲಿರಬೇಕು. ಎಲ್ಲಿ, ಎಷ್ಟು ರಾತ್ರಿ ಅನ್ನುವುದು ಇದರ ಮೇಲೇ ನಿಲ್ಲುತ್ತದೆ.

ಅತ್ತೆಯವರ ಉಬ್ಬಸಕ್ಕೆ ಅಲ್ಲಿ ಮೂರು ಶತ್ರುಗಳು: ತಣ್ಣನೆಯ ಒಣ ಗಾಳಿ, ಜೀಪು ಎಬ್ಬಿಸುವ ಧೂಳು, ಸಂಜೆ ಬೆಂಕಿ ಹಾಕಿದಾಗಿನ ಹೊಗೆ. ಬೆಂಕಿಯ ಸುತ್ತ ಕೂರುವುದು ಎಲ್ಲರಿಗೂ ಇಷ್ಟ. ಅವರನ್ನು ಗಾಳಿ ಬರುವ ಕಡೆ ಕೂರಿಸಿ, ಹೊಗೆ ಹೋಗುವ ಕಡೆ ಬೇಡ. ಮೂಗು ಬಾಯಿಗೆ ಹತ್ತಿಯ ಸ್ಕಾರ್ಫ್ ಇರಲಿ. ಇನ್‌ಹೇಲರ್ ಕೈಚೀಲದಲ್ಲಿ ಅಲ್ಲ, ಸ್ವೆಟರ್ ಒಳಗಿನ ಜೇಬಿನಲ್ಲಿ ಇರಲಿ. ಒತ್ತಿ ಎಳೆದುಕೊಳ್ಳುವ ಇನ್‌ಹೇಲರ್ ತಣ್ಣಗಾದರೆ ಔಷಧಿ ಸರಿಯಾಗಿ ಬರುವುದಿಲ್ಲ. ಹೊರಡುವ ಮುಂಚೆ ಅವರ ಡಾಕ್ಟರ ಹತ್ತಿರ ಹೋಗಿ, ತುರ್ತಿಗೆ ಏನು ಕೊಡಬೇಕು ಅಂತ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಮಾವನವರ ಇನ್ಸುಲಿನ್ ಬಗ್ಗೆ ಎಲ್ಲರೂ ಫ್ರಿಜ್ ಇಲ್ಲವಲ್ಲ ಅಂತ ಯೋಚಿಸುತ್ತಾರೆ. ಆ ಚಳಿಯಲ್ಲಿ ಫ್ರಿಜ್‌ನ ಚಿಂತೆ ಇಲ್ಲ. ಹೆಪ್ಪುಗಟ್ಟದಂತೆ ನೋಡಿಕೊಂಡರೆ ಸಾಕು, ಹೊದಿಕೆಯ ಪಕ್ಕ ಚೀಲದಲ್ಲಿ ಇಡಿ. ಹೀಟರ್ ಹತ್ತಿರ ಇಡಬೇಡಿ. ವಿಮಾನದಲ್ಲಿ ಹೋದರೆ ಕೈಚೀಲದಲ್ಲೇ ಒಯ್ಯಿರಿ, ಲಗೇಜಿಗೆ ಹಾಕಬೇಡಿ. ನನ್ನ ಚಿಂತೆ ಅವರ ಪಾದಗಳದ್ದು. ಬಹಳ ವರ್ಷದ ಶುಗರ್ ಇದ್ದರೆ ಪಾದದ ಸ್ಪರ್ಶ ಮಂಕಾಗಿರುತ್ತದೆ. ಕ್ಯಾಂಪಿನವರು ಹಾಸಿಗೆಯಲ್ಲಿ ಬಿಸಿನೀರಿನ ಚೀಲ ಇಡುತ್ತಾರೆ. ನಮಗೆ ಹಿತ, ಅವರಿಗೆ ಗೊತ್ತಾಗದೇ ಬೊಬ್ಬೆ ಬರಬಹುದು. ಮಲಗುವ ಮುಂಚೆ ಹಾಸಿಗೆ ಬಿಸಿ ಮಾಡಿ, ಆಮೇಲೆ ಚೀಲ ತೆಗೆಯಿರಿ, ಉಣ್ಣೆಯ ಕಾಲುಚೀಲ ಹಾಕಿಸಿ. ದಿಬ್ಬದ ಮೇಲೆ ಎಲ್ಲರೂ ಬರಿಗಾಲಲ್ಲಿ ನಡೆಯುತ್ತಾರೆ, ಮಾವ ಮಾತ್ರ ಬೂಟು ಬಿಚ್ಚುವುದು ಬೇಡ. ಅಲ್ಲಿ ಭುರಟ್ ಅನ್ನುವ ಹುಲ್ಲಿದೆ. ಅದರ ಕಾಯಿ ಅಂದರೆ ಸಣ್ಣ ಮುಳ್ಳಿನ ಉಂಡೆ. ಸೀರೆಯ ಅಂಚು, ಪ್ಯಾಂಟಿನ ಮಡಿಕೆ, ಕಾಲಿನ ಬೆರಳ ಸಂದು, ಎಲ್ಲಿ ಸಿಕ್ಕರೂ ಹಿಡಿದುಕೊಳ್ಳುತ್ತದೆ. ಕೀಳಲು ಹೋದರೆ ಕೈಗೇ ಚುಚ್ಚಿಕೊಳ್ಳುತ್ತದೆ.

ಬಚ್ಚಲುಮನೆಯ ಬಗ್ಗೆ ನಾಚಿಕೆ ಬಿಟ್ಟು ಕೇಳಿ. ಮಾವ ರಾತ್ರಿ ಎರಡು ಮೂರು ಸಲ ಏಳಬಹುದು. ಹಾಸಿಗೆಯಿಂದ ಕಮೋಡ್‌ವರೆಗೆ ಎಷ್ಟು ಹೆಜ್ಜೆ? ನಡುವೆ ಮೆಟ್ಟಿಲಿದೆಯಾ? ಹೆಚ್ಚಿನ ಕಡೆ ಡೇರೆಯ ನೆಲಕ್ಕಿಂತ ಬಚ್ಚಲು ಅರ್ಧ ಅಡಿ ಕೆಳಗಿರುತ್ತದೆ. ಕತ್ತಲಲ್ಲಿ, ಮಂಜಿನಂಥ ಟೈಲ್ಸ್ ಮೇಲೆ ಕಾಲಿಟ್ಟರೆ ಜಾರುವುದೇ. ಒಂದು ಸಣ್ಣ ಟಾರ್ಚ್ ಮತ್ತು ಜಾರದ ಚಪ್ಪಲಿ ಒಯ್ಯಿರಿ. ಬಿಸಿನೀರು ಯಾವ ಹೊತ್ತಿಗೆ ಬರುತ್ತದೆ ಅಂತಲೂ ಕೇಳಿ. ಅಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ, ಅಂತರ್ಜಲ ಬಹಳ ಕಡೆ ಉಪ್ಪು. ಇಂದಿರಾ ಗಾಂಧಿ ಕಾಲುವೆ ಬಂದ ಮೇಲೆ ಜಿಲ್ಲೆಯ ನೀರಿನ ಕಷ್ಟ ಎಷ್ಟೋ ಕಡಿಮೆಯಾಗಿದೆ. ಆದರೂ ಕ್ಯಾಂಪ್‌ಗಳಿಗೆ ನೀರು ಬರುವುದು ಹೆಚ್ಚಾಗಿ ಟ್ಯಾಂಕರ್‌ನಲ್ಲೇ. ಕುಡಿಯಲು ಸೀಲ್ ಮಾಡಿದ ಬಾಟಲಿ ಅಥವಾ ಕುದಿಸಿದ ನೀರು ಸಾಕು. ಚಳಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಒಣ ಗಾಳಿ ಮೈಯ ನೀರನ್ನು ಎಳೆಯುತ್ತಲೇ ಇರುತ್ತದೆ. ಹಿರಿಯರಿಗೂ ಮಗುವಿಗೂ ನೆನಪಿಸಿ ಕುಡಿಸಿ. ಮಗಳ ಮೂಗಿನಲ್ಲಿ ರಕ್ತ ಬಂದರೆ ಗಾಬರಿಯಾಗಬೇಡಿ, ಹೆಚ್ಚಾಗಿ ಅದು ಒಣ ಗಾಳಿಯ ಕೆಲಸ. ಮುಂಚೆಯೇ ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ಬಾರದೇ ಇರಬಹುದು.

ಊಟದ ಬಗ್ಗೆ ನೀವು ಕೇಳಿಲ್ಲ, ಕೇಳುವ ಅಗತ್ಯವೂ ಇಲ್ಲ. ಸಸ್ಯಾಹಾರಿಗಳಿಗೆ ಆ ಸೀಮೆ ಸ್ವರ್ಗ. ದಾಲ್ ಬಾಟಿ, ಗಟ್ಟೆ, ಕೇರ್ ಸಾಂಗ್ರಿ, ಸಜ್ಜೆಯ ರೊಟ್ಟಿ. ಸಜ್ಜೆ ರೊಟ್ಟಿ ನೋಡಿದರೆ ಮಾವನ ಮುನಿಸು ಅರ್ಧ ಇಳಿಯುತ್ತದೆ. ತುಪ್ಪ ಮಾತ್ರ ಕೈಬಿಟ್ಟು ಸುರಿಯುತ್ತಾರೆ, ಶುಗರ್ ಇರುವವರು ಚೂರ್ಮಾ ಅನ್ನುವ ಸಿಹಿಯ ಕಡೆ ಹೆಚ್ಚು ನೋಡದಿದ್ದರೆ ಒಳ್ಳೆಯದು.

ಈಗ ಆಫೀಸಿನವರು ಹೇಳಿದ ಮೋಸ ಮತ್ತು ಡಿಜೆ. ಪೂರ್ತಿ ಸುಳ್ಳಲ್ಲ. ಅವರು ಹೇಳುತ್ತಿರುವುದು ಸಮ್‌ನ ಕ್ಯಾಂಪ್‌ಗಳ ಸಾಲಿನ ಕಥೆ. ಬಹಳ ಜನ ಥಾರ್ ಅಂದರೆ ಕಣ್ಣು ಹಾಯಿಸಿದಷ್ಟೂ ಮರಳು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಹೆಚ್ಚಿನ ಭಾಗ ಕುರುಚಲು ಗಿಡ, ಕಲ್ಲು, ಹೊಲ, ಊರು. ಪ್ರಪಂಚದ ಮರುಭೂಮಿಗಳಲ್ಲೇ ಜನ ದಟ್ಟವಾಗಿರುವುದು ಇಲ್ಲಿ. ಸಮ್‌ನಲ್ಲಿ ಒಳ್ಳೆಯ ದಿಬ್ಬಗಳಿರುವುದು ಕೆಲವೇ ಕಿಲೋಮೀಟರ್ ಪಟ್ಟಿಯಲ್ಲಿ. ಎಲ್ಲರಿಗೂ ಅದೇ ಬೇಕು. ಹಾಗಾಗಿ ರಸ್ತೆಯುದ್ದಕ್ಕೂ ಕ್ಯಾಂಪಿಗೆ ಕ್ಯಾಂಪ್ ಅಂಟಿಕೊಂಡಿದೆ. ಹೊಸ ವರ್ಷದ ವಾರದಲ್ಲಿ ಅದು ಜಾತ್ರೆ.

ಇದನ್ನು ನೀವು ದಾವಣಗೆರೆಯಲ್ಲೇ ಕೂತು ಪರೀಕ್ಷೆ ಮಾಡಬಹುದು. ಕ್ಯಾಂಪಿನವರಿಂದ ಮ್ಯಾಪ್‌ನ ಲೊಕೇಶನ್ ತರಿಸಿಕೊಳ್ಳಿ. ಗೂಗಲ್ ಮ್ಯಾಪ್‌ನಲ್ಲಿ ಉಪಗ್ರಹದ ಚಿತ್ರ ಹಾಕಿ ನೋಡಿ. ಡೇರೆಗಳು ದುಂಡಗೆ ಅಥವಾ ಚೌಕಾಕಾರವಾಗಿ ನಿಂತು, ನಡುವೆ ಒಂದು ಅಂಗಳ ಕಾಣುತ್ತದಾ? ಅದೇ ಕುಣಿತದ ವೇದಿಕೆ. ಎಲ್ಲ ಬಾಗಿಲುಗಳೂ ಅದರ ಕಡೆಗೇ. ಅಂದರೆ ಸ್ಪೀಕರ್ ನಿಲ್ಲುವವರೆಗೆ ನಿಮಗೆ ನಿದ್ದೆ ಇಲ್ಲ. ಪಕ್ಕದಲ್ಲಿ ಇನ್ನೂ ಮೂರು ನಾಲ್ಕು ದುಂಡು ಕಂಡರೆ ಅವುಗಳ ಸ್ಪೀಕರೂ ನಿಮ್ಮ ಪಾಲಿಗೇ. ದಿಬ್ಬ ಎಷ್ಟು ದೂರ ಅನ್ನುವುದೂ ಅಲ್ಲೇ ತಿಳಿಯುತ್ತದೆ. "ದಿಬ್ಬದ ಮಡಿಲಲ್ಲಿ" ಅಂತ ಬರೆದಿರುತ್ತಾರೆ, ಅಲ್ಲಿ ನೋಡಿದರೆ ಹೆದ್ದಾರಿಯ ಮಡಿಲು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕಬಾರದು ಅನ್ನುವುದು ಇಡೀ ದೇಶದ ನಿಯಮ, 2000ದಿಂದ ಇದೆ. ಆದರೆ ವರ್ಷದ ಕೆಲವು ಹಬ್ಬದ ದಿನಗಳಿಗೆ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯಗಳಿಗಿದೆ. ಡಿಸೆಂಬರ್ 31ರಂದು ನಿಯಮ ತೋರಿಸಿ ವಾದ ಮಾಡಲು ಹೋಗಬೇಡಿ, ರಜೆ ಅದರಲ್ಲೇ ಕಳೆಯುತ್ತದೆ.

ನನಗೆ ಬೇಸರ ಆಗುವುದು ಬೇರೆ ಕಾರಣಕ್ಕೆ. ಜೈಸಲ್ಮೇರ್, ಬಾರ್ಮೇರ್ ಕಡೆಯ ಮಾಂಗಣಿಯಾರ್‌ಗಳು ತಲೆತಲಾಂತರದಿಂದ ಹಾಡಿಕೊಂಡು ಬಂದವರು. ಕಮಾಯಿಚಾ ಅನ್ನುವ ತಂತಿವಾದ್ಯ, ಎರಡು ಮರದ ಪಟ್ಟಿಗಳ ಖರತಾಲ್, ಇಷ್ಟಿದ್ದರೆ ಸಾಕು ಅವರಿಗೆ. ಅಂಥವರಿಗೆ ಅರ್ಧ ಗಂಟೆ ಕೊಟ್ಟು, ಆಮೇಲೆ ಪೆನ್‌ಡ್ರೈವ್‌ನಿಂದ ಸಿನಿಮಾ ಹಾಡು ಹಾಕುತ್ತಾರೆ. ಬುಕಿಂಗ್ ಮಾಡುವಾಗ "ನಮಗೆ ಮಾಂಗಣಿಯಾರ್ ಹಾಡು ಬೇಕು, ಮೈಕ್ ಬೇಡ" ಅಂತ ಹೇಳಿ ನೋಡಿ. ಸಣ್ಣ ಕ್ಯಾಂಪ್‌ಗಳಲ್ಲಿ ಇದು ಆಗುತ್ತದೆ. ಮಾವನಿಗೆ ಹಾಡಿನ ಹುಚ್ಚಿದ್ದರೆ ಡೇರೆಯ ಬಾಡಿಗೆಗಿಂತ ಇದೇ ನೆನಪಿನಲ್ಲಿ ಉಳಿಯುವುದು.

ಗದ್ದಲದಿಂದ ತೊಂದರೆ ನಿಮಗೆ ಮಾತ್ರ ಅಲ್ಲ. ಆ ಸೀಮೆಯಲ್ಲೇ ಮರುಭೂಮಿ ರಾಷ್ಟ್ರೀಯ ಉದ್ಯಾನ ಇದೆ, ಮೂರು ಸಾವಿರ ಚದರ ಕಿಲೋಮೀಟರ್‌ಗೂ ದೊಡ್ಡದು. ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಕೊನೆಯ ದೊಡ್ಡ ನೆಲೆ ಅದು. ಅವುಗಳ ಮರಿ ಬೆಳೆಸುವ ಕೇಂದ್ರವೂ ಸಮ್‌ನಲ್ಲಿದೆ. ನಮ್ಮ ಬಳ್ಳಾರಿ ಕಡೆ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿರುವುದೂ ಇದೇ ಹಕ್ಕಿ.

ಸವಾರಿಗಳ ವಿಷಯ. ಹೆಚ್ಚಿನ ಪ್ಯಾಕೇಜ್‌ನಲ್ಲಿ ಒಂಟೆ ಸವಾರಿ ಸೇರಿರುತ್ತದೆ, ಜೀಪು ಸವಾರಿಗೆ ಬೇರೆ ದುಡ್ಡು. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ. ಮೇಲೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ತಕ್ಷಣ ಮುಂಗಾಲು ಎತ್ತುತ್ತದೆ, ಆಗ ಹಿಂದಕ್ಕೆ ಒಂದು ಎಳೆತ. ಕೂರುವಾಗ ಮುಂಗಾಲು ಮಡಚುತ್ತದೆ, ಮತ್ತೆ ಮುಂದಕ್ಕೆ. ಮುಂದಕ್ಕೆ ಬೀಳುವಂತಾದಾಗಲೆಲ್ಲ ಹಿಂದಕ್ಕೆ ವಾಲಿ, ಜೀನಿನ ಹಿಡಿ ಬಿಡಬೇಡಿ. ಮಗಳನ್ನು ನಿಮ್ಮ ಮುಂದೆ ಕೂರಿಸಿಕೊಳ್ಳಿ. ಅತ್ತೆಗೆ ಇದು ಬೇಡವೇ ಬೇಡ. ಹತ್ತುವಾಗ ಕಾಲು ಅಗಲ ಮಾಡಿ ದಾಟಿಸಬೇಕು, ಮೊಣಕಾಲಿಗೆ ಅದು ದೊಡ್ಡ ಕೆಲಸ. ಒಂಟೆಗಾಡಿ ಕೇಳಿ. ಹಾಸಿಗೆ ಹಾಸಿದ ಅಗಲವಾದ ಗಾಡಿ, ನಿಧಾನವಾಗಿ ಹೋಗುತ್ತದೆ, ಇಬ್ಬರೂ ಕಾಲು ಚಾಚಿ ಕೂರಬಹುದು. ನನ್ನನ್ನು ಕೇಳಿದರೆ ಒಂಟೆಯ ಬೆನ್ನಿಗಿಂತ ಅದೇ ಚೆಂದ.

ಜೀಪಿನಲ್ಲಿ ದಿಬ್ಬ ಹಾರಿಸುವುದನ್ನು ಹಿರಿಯರಿಗೂ ಮಗುವಿಗೂ ಬೇಡ ಅನ್ನುತ್ತೇನೆ. ತೆರೆದ ಜೀಪು, ಹಿಂದೆ ಕಂಬಿ ಹಿಡಿದು ನಿಲ್ಲಿಸುತ್ತಾರೆ, ಬೆಲ್ಟ್ ಇರುವುದಿಲ್ಲ. ದಿಬ್ಬದ ತುದಿಯಿಂದ ಧೊಪ್ಪನೆ ಇಳಿದಾಗ ಏಟೆಲ್ಲ ಬೆನ್ನುಮೂಳೆಗೆ. ವಯಸ್ಸಾದ ಹೆಂಗಸರ ಮೂಳೆ ಒಳಗೇ ಸವೆದಿರುತ್ತದೆ, ಅವರಿಗೂ ಗೊತ್ತಿರುವುದಿಲ್ಲ. ನಿಮ್ಮ ಯಜಮಾನರಿಗೆ ಹುಮ್ಮಸ್ಸಿದ್ದರೆ ಒಬ್ಬರೇ ಹೋಗಿ ಬರಲಿ.

ಹಾಗಾದರೆ ಏನು ಮಾಡಬಹುದು? ನಿಮ್ಮ ಮುಂದೆ ಕೆಲವು ದಾರಿಗಳಿವೆ.

ತಾರೀಖು ಬದಲಾಯಿಸಲು ಆಗುತ್ತದಾ ನೋಡಿ. ಫೆಬ್ರವರಿ ಎರಡನೇ ಅರ್ಧದಲ್ಲಿ ರಾತ್ರಿಯ ಚಳಿ ತಡೆದುಕೊಳ್ಳುವಷ್ಟು ಇಳಿದಿರುತ್ತದೆ, ಹಗಲು ಇನ್ನೂ ಸುಡುವುದಿಲ್ಲ. ನವೆಂಬರ್ ಎರಡನೇ ಅರ್ಧವೂ ಹಾಗೆಯೇ. ಬಾಡಿಗೆಯೂ ಕಡಿಮೆ. ಮಗಳು ಇನ್ನೂ ಒಂದನೇ ತರಗತಿ ಇರಬೇಕು, ನಾಲ್ಕು ದಿನ ಶಾಲೆ ತಪ್ಪಿದರೆ ಆಕಾಶ ಬೀಳುವುದಿಲ್ಲ. ಮಾಘ ಹುಣ್ಣಿಮೆಯ ಹೊತ್ತಿಗೆ ಜೈಸಲ್ಮೇರ್‌ನಲ್ಲಿ ಮರು ಉತ್ಸವ ಇರುತ್ತದೆ, ಆ ದಿನಗಳು ಮಾತ್ರ ಮತ್ತೆ ದುಬಾರಿ. ನಕ್ಷತ್ರ ನೋಡುವ ಆಸೆ ಇದ್ದರೆ ಅಮಾವಾಸ್ಯೆಯ ಹತ್ತಿರದ ದಿನ ಆರಿಸಿ. ಹುಣ್ಣಿಮೆಯಲ್ಲಿ ಮರಳು ಬೆಳ್ಳಗೆ ಹೊಳೆಯುತ್ತದೆ, ಆದರೆ ನಕ್ಷತ್ರಗಳು ಮಂಕು.

ಡಿಸೆಂಬರ್ ಕೊನೆಯೇ ಆಗಬೇಕು ಅಂದರೆ, ಹಿರಿಯರಿಗೆ ಅತಿ ಸುರಕ್ಷಿತ ದಾರಿ ಜೈಸಲ್ಮೇರ್ ಊರಿನಲ್ಲಿ ಒಳ್ಳೆಯ ಹೋಟೆಲ್. ಕೋಟೆಯ ಒಳಗಲ್ಲ, ಹೊರಗೆ. 1156ರಲ್ಲಿ ಕಟ್ಟಿದ ಕೋಟೆ, ಏರು ದಾರಿ, ಅತ್ತೆಯ ಮೊಣಕಾಲಿಗೆ ಕಷ್ಟ. ಬಚ್ಚಲ ನೀರು ಇಂಗಿ ಕೋಟೆಯ ತಳಪಾಯವೂ ಸಡಿಲವಾಗಿದೆ, ಅಲ್ಲಿ ಉಳಿಯದಿದ್ದರೆ ಕೋಟೆಗೂ ಒಳ್ಳೆಯದು. ಮಧ್ಯಾಹ್ನ ಮೂರಕ್ಕೆ ಹೊರಟು ಕುಲಧರಾ ನೋಡಿಕೊಂಡು ದಿಬ್ಬಕ್ಕೆ ಹೋಗಿ. ಪಾಳುಬಿದ್ದ ಆ ಊರು ದಾರಿಯಲ್ಲೇ ಸಿಗುತ್ತದೆ. ದೆವ್ವದ ಕಥೆ ಹೇಳುತ್ತಾರೆ, ಮಗಳ ಮುಂದೆ ಹೇಳಿಸಬೇಡಿ. ಸೂರ್ಯ ಮುಳುಗುವುದು ಆರರ ಆಸುಪಾಸು. ಹಾಡು, ಊಟ ಮುಗಿಸಿ ಒಂಬತ್ತಕ್ಕೆ ವಾಪಸ್ ಹೊರಡಿ. ಇದರಲ್ಲಿರುವ ಅಪಾಯ ರಾತ್ರಿಯ ರಸ್ತೆ. ದನ, ಒಂಟೆ ಅಡ್ಡ ಬರುತ್ತವೆ. ಬೆಳಿಗ್ಗೆಯಿಂದ ಓಡಿಸುತ್ತಿರುವ ಡ್ರೈವರ್ ಬೇಡ. ಕಳೆದುಕೊಳ್ಳುವುದು ಏನು ಅಂದರೆ ಬೆಳಗಿನ ದಿಬ್ಬ. ಅದು ದೊಡ್ಡ ನಷ್ಟವೇ. ಸಂಜೆ ಸಾವಿರ ಜನ ತುಳಿದ ಮರಳು ಬೆಳಿಗ್ಗೆ ಗಾಳಿಗೆ ನಯವಾಗಿರುತ್ತದೆ, ಯಾವುದೋ ಹುಳು ನಡೆದ ಗೆರೆ ಮಾತ್ರ ಅದರ ಮೇಲೆ.

ಇನ್ನೊಂದು ದಾರಿ, ಒಂದೇ ರಾತ್ರಿ ಡೇರೆ, ಸಮ್‌ನ ಗುಂಪಿನಿಂದ ದೂರ. ಖುರಿ ಹಳ್ಳಿಯ ಕಡೆ ಸಣ್ಣ ಕ್ಯಾಂಪ್‌ಗಳಿವೆ, ಗದ್ದಲ ಕಡಿಮೆ. ಆದರೆ ಅಲಂಕಾರವೂ ಕಡಿಮೆ, ಹೀಟರ್ ಬಗ್ಗೆ ಎರಡು ಸಲ ಕೇಳಬೇಕು. ಊರಿಂದ ದೂರ ಸಮ್‌ನಷ್ಟೇ. ಎರಡನೇ ರಾತ್ರಿ ಎಲ್ಲಿ ಹೋದರೂ ಬೇಡ. ಮೊದಲ ಸಂಜೆಗೇ ಎಲ್ಲ ಮುಗಿದಿರುತ್ತದೆ. ಮರುದಿನ ಮಧ್ಯಾಹ್ನ ಡೇರೆಯಲ್ಲಿ ಕೂತು ಏನು ಮಾಡುತ್ತೀರಿ?

ಗಂಡ ಹೆಂಡತಿ ಮಗಳು ಡೇರೆಯಲ್ಲಿ, ಹಿರಿಯರು ಊರಿನ ಹೋಟೆಲಿನಲ್ಲಿ ಅಂತಲೂ ಕೆಲವರು ಮಾಡುತ್ತಾರೆ. ಲೆಕ್ಕದಲ್ಲಿ ಸರಿ. ಮನೆಯಲ್ಲಿ ಅದರ ಮಾತು ಎಷ್ಟು ವರ್ಷ ನಡೆಯುತ್ತದೆ ಅನ್ನುವುದು ನಿಮಗೇ ಗೊತ್ತು.

ಕೊನೆಯದು ಓಸಿಯಾ. ಜೋಧಪುರದಿಂದ ಸುಮಾರು 65 ಕಿಲೋಮೀಟರ್. ದಿಬ್ಬಗಳು ಸಮ್‌ನಷ್ಟು ದೊಡ್ಡವಲ್ಲ. ಆದರೆ ಹಳೆಯ ಜೈನ ಬಸದಿ, ಸಚ್ಚಿಯಾ ಮಾತೆಯ ಗುಡಿ ಇವೆ, ಒಳ್ಳೆಯ ಡೇರೆಗಳಿವೆ, ದೊಡ್ಡ ಆಸ್ಪತ್ರೆ ಒಂದೂವರೆ ಗಂಟೆಯೊಳಗೆ. ಜೋಧಪುರಕ್ಕೆ ವರ್ಷವಿಡೀ ವಿಮಾನ ಇದೆ, ಜೈಸಲ್ಮೇರ್ ವಿಮಾನಗಳು ಹೆಚ್ಚಾಗಿ ಚಳಿಗಾಲದವು. ರೈಲು ಬೇಕು ಅಂದರೆ ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಜೋಧಪುರಕ್ಕೆ ನೇರ ರೈಲೂ ಇದೆ, ವಾರದ ಯಾವ ದಿನ ಅಂತ ನೋಡಿಕೊಂಡು ಹತ್ತಿ. ಜೈಸಲ್ಮೇರ್ ನೋಡಲೇಬೇಕು ಅನ್ನುವ ಹಟ ಇಲ್ಲದಿದ್ದರೆ, ಡಿಸೆಂಬರ್‌ಗೆ ನಿಮ್ಮ ಕುಟುಂಬಕ್ಕೆ ನಾನು ಆರಿಸುವುದು ಓಸಿಯಾದಲ್ಲಿ ಒಂದು ರಾತ್ರಿ, ಜೋಧಪುರದಲ್ಲಿ ಎರಡು ರಾತ್ರಿ. ಜೈಸಲ್ಮೇರೇ ಬೇಕು ಅಂದರೆ ಹೋಟೆಲ್ ಇಟ್ಟುಕೊಂಡು ಸಂಜೆ ದಿಬ್ಬಕ್ಕೆ ಹೋಗಿ ಬನ್ನಿ. ಫೆಬ್ರವರಿಗೆ ಮುಂದೂಡಿದರೆ ಎಲ್ಲರೂ ಡೇರೆಯಲ್ಲೇ ಮಲಗಿ, ನನ್ನ ಅಡ್ಡಿ ಇಲ್ಲ.

ದುಡ್ಡಿನ ಮಾತು. ನಿಮಗೆ ಹೇಳಿರುವ ಲೆಕ್ಕಕ್ಕೆ ಒಟ್ಟು 56,000 ಆಗುತ್ತದೆ. ಅದರಲ್ಲಿ ತೆರಿಗೆ ಸೇರಿದೆಯಾ, ಡಿಸೆಂಬರ್ 31ರ ಊಟಕ್ಕೆ ಕಡ್ಡಾಯವಾಗಿ ಬೇರೆ ಕೊಡಬೇಕಾ, ಒಂಟೆಗಾಡಿ ಸೇರಿದೆಯಾ, ಮಗುವಿಗೆ ಹೆಚ್ಚುವರಿ ಹಾಸಿಗೆಗೆ ಎಷ್ಟು, ಎಲ್ಲವನ್ನೂ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಫೋನಿನ ಮಾತು ಅಲ್ಲಿ ಹೋದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಯಾರದೋ ಸ್ವಂತ ಹೆಸರಿನ ಯುಪಿಐಗೆ ಪೂರ್ತಿ ದುಡ್ಡು ಹಾಕಬೇಡಿ. ನಕಲಿ ವೆಬ್‌ಸೈಟ್‌ಗಳೂ ಇವೆ. ಕ್ಯಾಂಪಿನ ನಂಬರನ್ನು ಮ್ಯಾಪ್‌ನಿಂದ ಬೇರೆಯಾಗಿ ತೆಗೆದು, ಅಲ್ಲಿಗೇ ಫೋನ್ ಮಾಡಿ ನಿಮ್ಮ ಬುಕಿಂಗ್ ಇದೆಯಾ ಅಂತ ಕೇಳಿ. ಅವತ್ತೇ ತೆಗೆದ ಒಂದು ವಿಡಿಯೋ ಕಳಿಸಲು ಹೇಳಿ: ಡೇರೆಯ ಬಾಗಿಲಿನಿಂದ ಶುರುಮಾಡಿ ಹಾಸಿಗೆ, ಹೀಟರ್, ಬಚ್ಚಲಿನ ಮೆಟ್ಟಿಲು, ಕಮೋಡ್, ಆಮೇಲೆ ಹೊರಗೆ ಬಂದು ಸುತ್ತಲೂ ಒಂದು ಸುತ್ತು. ಒಳ್ಳೆಯ ಕ್ಯಾಂಪಿನವರು ಅರ್ಧ ಗಂಟೆಯಲ್ಲಿ ಕಳಿಸುತ್ತಾರೆ. ಹಳೆಯ ಫೋಟೋಗಳನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದರೆ ಅಲ್ಲಿಗೆ ಮುಂಗಡ ಕೊಡಬೇಡಿ.